ನೀರಿನ ಜಾಡು ಹಿಡಿದು ವಿಜಯಪುರ: ಮಕ್ಕಾ ದರವಾಜಾದಿಂದ ಗೋಳಗುಮ್ಮಟದವರೆಗೆ

ಇವತ್ತಿನ ಸಂಚಿಕೆಯಲ್ಲಿ ನಾವು ವಿಜಯಪುರದ ಹಳೇ ಊರಿನೊಳಗೆ ನಡೆದುಕೊಂಡು ಹೋಗೋಣ. ಟಾಂಗಾ ಬೇಡ, ಆಟೋ ಬೇಡ. ಕಾಲಿಗೊಂದು ಚಪ್ಪಲಿ, ಕೈಯಲ್ಲೊಂದು ನೀರಿನ ಬಾಟಲಿ ಇದ್ದರೆ ಸಾಕು. ಆ ನೀರಿನ ಬಾಟಲಿಯೇ ಇವತ್ತಿನ ವಿಷಯ ನೋಡ್ರಿ.

ಮೊರಾಕ್ಕೊ ದೇಶದ ಫೆಸ್, ಮರ್ರಾಕೆಶ್ ಊರುಗಳಲ್ಲಿ ಕೋಟೆಯೊಳಗಿನ ಹಳೇ ಪೇಟೆಗೆ ಮದೀನಾ ಅಂತಾರೆ. ಫೆಸ್‌ನ ಮದೀನಾ 1981ರಲ್ಲಿ, ಮರ್ರಾಕೆಶ್‌ನದು 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅಲ್ಲಿ ಗೈಡ್‌ಗಳು ಪ್ರವಾಸಿಗರನ್ನು ಸಂದಿಗೊಂದಿಯಲ್ಲಿ ನಡೆಸಿಕೊಂಡೇ ಹೋಗುತ್ತಾರೆ. ಚರ್ಮ ಹದ ಮಾಡುವವರು, ತಾಮ್ರ ಬಡಿಯುವವರು, ಓಣಿಯ ನೀರಿನ ತೊಟ್ಟಿ, ಎಲ್ಲವೂ ಆ ನಡಿಗೆಯ ಭಾಗ. ನಮ್ಮಲ್ಲಿ ಏನಾಗುತ್ತೆ? ಬಸ್ಸು ಗೋಳಗುಮ್ಮಟದ ಮುಂದೆ ನಿಲ್ಲುತ್ತೆ, ಆಮೇಲೆ ಇಬ್ರಾಹಿಂ ರೋಜಾದ ಮುಂದೆ. ಎರಡೂ ಸಮಾಧಿಗಳೇ. ಇಷ್ಟನ್ನೇ ನೋಡಿ ಹೋದವರಿಗೆ ವಿಜಯಪುರ ಅಂದ್ರೆ ಸತ್ತವರ ಊರು ಅನ್ನಿಸಿದರೆ ಆಶ್ಚರ್ಯವಿಲ್ಲ. ಇದು ಬದುಕಿದವರ ಊರೂ ಆಗಿತ್ತು ಅಂತ ತಿಳಿಯಬೇಕಾದರೆ ನೀರಿನ ಜಾಡು ಹಿಡಿಯಬೇಕು.

ಆ ಜಾಡು ಶುರುವಾಗೋದು ಊರ ಹೊರಗೆ, ತೊರವಿಯಲ್ಲಿ. ತಿಕೋಟಾದಿಂದ ವಿಜಯಪುರಕ್ಕೆ ಬರುವವರು ದಿನಾ ದಾಟುವ ಊರು ಇದು. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣಕ್ಕೆ ಹೆಸರು ಬಂದದ್ದು ಈ ತೊರವೆಯಿಂದಲೇ. ಎರಡನೇ ಇಬ್ರಾಹಿಂ ಆದಿಲ್ ಶಾ 1599ರಲ್ಲಿ ನೌರಸಪುರ ಅನ್ನೋ ಹೊಸ ನಗರ ಕಟ್ಟಲು ಹೊರಟದ್ದೂ ಇಲ್ಲೇ. ಇಲ್ಲಿ ಸುರಂಗ ಬಾವಡಿ ಇದೆ. ಎತ್ತರದ ನೆಲದಲ್ಲಿ ಸಿಗುವ ಅಂತರ್ಜಲವನ್ನು ಸಣ್ಣ ಇಳಿಜಾರಿನ ಸುರಂಗದಲ್ಲಿ ಊರ ಕಡೆ ಹರಿಸುವ ಕರೇಜ್ ವ್ಯವಸ್ಥೆ ಅದು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿ. ಅಗೆದ ಮಣ್ಣು ಮೇಲೆ ಬರೋದು, ಗಾಳಿ ಒಳಗೆ ಹೋಗೋದು, ಹೂಳು ತೆಗೆಯಲು ಆಳು ಇಳಿಯೋದು ಎಲ್ಲಾ ಅದರಲ್ಲೇ. ನೆಲದೊಳಗೆ ಹರಿಯುವ ನೀರು ನಮ್ಮ ಬಿಸಿಲಿಗೆ ಆರಿ ಹೋಗಲ್ಲ, ಶತ್ರುವಿನ ಕಣ್ಣಿಗೂ ಸುಲಭಕ್ಕೆ ಬೀಳಲ್ಲ. ಇರಾನಿನಲ್ಲಿ ಇದಕ್ಕೆ ಕನಾತ್ ಅಂತಾರೆ. ಮರ್ರಾಕೆಶ್‌ನ ಮದೀನಾಕ್ಕೆ ನೀರು ತಂದದ್ದೂ ಇದೇ ವಿದ್ಯೆ, ಅಲ್ಲಿ ಅದರ ಹೆಸರು ಖತ್ತಾರಾ. ಸುರಂಗ ಬಾವಡಿ 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ಸೇರಿತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ಮಕ್ಕಾ ದರವಾಜಾ ಕಡೆ ಬರೋಣ. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯನ್ನು ಕಟ್ಟಿಸಿದ್ದು ಮೊದಲನೇ ಅಲಿ ಆದಿಲ್ ಶಾ. ದರವಾಜಾದ ಹತ್ತಿರವೇ ತಾಜ್ ಬಾವಡಿ, 1620ರದ್ದು. ದೊಡ್ಡ ಕಮಾನು, ಎರಡು ಬದಿಗೆ ಎಂಟು ಮೂಲೆಯ ಗೋಪುರ, ಕೆಳಗೆ ಇಳಿದರೆ ಚೌಕಾಕಾರದ ಕೊಳ. ಅಕ್ಕಪಕ್ಕ ಪ್ರಯಾಣಿಕರು ತಂಗುವ ಕೋಣೆಗಳು. ದೂರದಿಂದ ಬಂದವನಿಗೆ ಈ ಊರು ಮೊದಲು ಕೊಟ್ಟದ್ದು ನೀರು ಮತ್ತು ನೆರಳು. ಇದಕ್ಕೂ ಹಳೆಯದು 1579ರ ಚಾಂದ್ ಬಾವಡಿ, ಚಾಂದ್ ಬೀಬಿಯ ಹೆಸರಿನದು.

ಅಲ್ಲಿಂದ ಗೋಡೆಗುಂಟ ಉತ್ತರಕ್ಕೆ ಹೋದರೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಎಲ್ಲರೂ ಇದರ ಮುಂದೆ ಫೋಟೊ ತೆಗೆಸಿಕೊಳ್ತಾರೆ. ಆದರೆ ಒಂದು ಮಾತು ಯೋಚಿಸಿ. ಔರಂಗಜೇಬನ ಸೇನೆ ಈ ಊರನ್ನು ಸುತ್ತುವರಿದು ಒಂದು ವರ್ಷಕ್ಕೂ ಮೇಲೆ ಕಾಯಬೇಕಾಯಿತು, 1686ರ ಸೆಪ್ಟೆಂಬರಿನಲ್ಲಷ್ಟೇ ಊರು ಬಿತ್ತು. ಅಷ್ಟು ದಿನ ಊರನ್ನು ತೋಪು ಒಂದೇ ಕಾಯಲಿಲ್ಲ, ಗೋಡೆಯೊಳಗಿನ ಬಾವಡಿಗಳೂ ಕಾದವು.

ಮುಂದೆ ಊರ ನಡುವಿನ ಅರಕಿಲ್ಲೆ. 1561ರ ಗಗನ ಮಹಲ್, ಸಾತ್ ಮಂಜಿಲ್, ಅದರೆದುರಿಗೆ ನೀರಿನ ಮಧ್ಯೆ ನಿಲ್ಲಲೆಂದೇ ಕಟ್ಟಿದ ಪುಟ್ಟ ಜಲ ಮಂಜಿಲ್. ಪೂರ್ವಕ್ಕೆ ಸಾಗುತ್ತಾ ಮೆಹತರ್ ಮಹಲ್, ಜಾಮಿಯಾ ಮಸೀದಿ, ಮುಂದೆ ಕೊಳವಿರುವ ಅಸರ್ ಮಹಲ್. ಊರಲ್ಲಿ ಅಲ್ಲಲ್ಲಿ ಕಾಣುವ ಕಲ್ಲಿನ ಗೋಪುರಗಳು ಕಾವಲಿಗಲ್ಲ. ಅವಕ್ಕೆ ಗಂಜ್ ಅಂತಾರೆ. ಮುಹಮ್ಮದ್ ಆದಿಲ್ ಶಾ 1651ರಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ನೀರು ತರಿಸಿದ. ನೀರು ಗಂಜ್ ಏರಿ ಇಳಿಯುವಾಗ ಒತ್ತಡ ತಗ್ಗಿ ಕೊಳವೆ ಒಡೆಯೋದು ತಪ್ಪುತ್ತಿತ್ತು, ಕೆಸರು ತಳದಲ್ಲಿ ಕೂರುತ್ತಿತ್ತು. ಇಷ್ಟೆಲ್ಲಾ ನೋಡಿ, 1656ರಲ್ಲಿ ಅದೇ ದೊರೆಯನ್ನು ಮಣ್ಣು ಮಾಡಿದ ಗೋಳಗುಮ್ಮಟ ತಲುಪಿದರೆ, ಅದು ಬೇರೆಯೇ ಕಟ್ಟಡದಂತೆ ಕಾಣುತ್ತೆ.

ಸರಿ, ಇದರಿಂದ ಇವತ್ತಿಗೇನು? ತಿಕೋಟಾ, ಬಬಲೇಶ್ವರ ಭಾಗದ ರೈತರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. ಬರಗಾಲದಲ್ಲಿ ದ್ರಾಕ್ಷಿ ಪಡಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆದವರು ಅವರು. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಪಂಪು ಮೇಲೆತ್ತುತ್ತದೆ. ಪಂಪು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರೆಂಟಿಲ್ಲದೆ ಇಳಿಜಾರನ್ನೇ ನಂಬಿ ಒಂದು ರಾಜಧಾನಿಗೆ ನೀರುಣಿಸಿದ ವಿದ್ಯೆ ಇದೇ ನೆಲದ ಕೆಳಗಿದೆ. ಅದರ ಕಿಂಡಿಗೆ ಕಸ ತುಂಬಿದರೆ, ಸುರಂಗದ ಮೇಲೆ ಅಡಿಪಾಯ ತೋಡಿದರೆ, ಮತ್ತೆ ಕಟ್ಟಿಕೊಡುವವರಿಲ್ಲ. ಬಾವಡಿಗಳ ಹೂಳು ಒಮ್ಮೆ ತೆಗೆದದ್ದು ಒಳ್ಳೇ ಕೆಲಸ. ಹೂಳು ಮತ್ತೆ ತುಂಬದಂತೆ ನೋಡಿಕೊಳ್ಳೋದು ಪ್ರತಿವರ್ಷದ ಕೆಲಸ.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ 2010ರ ತಿದ್ದುಪಡಿ ಕಾನೂನು ಹೇಳುತ್ತೆ. ಹೆಜ್ಜೆಗೊಂದು ಸ್ಮಾರಕ ಇರುವ ಊರಲ್ಲಿ ಮನೆ ದುರಸ್ತಿಗೂ ಅನುಮತಿ ಕೇಳಬೇಕು. ಸ್ಮಾರಕದಿಂದ ತೊಂದರೆ ಮಾತ್ರ ಸಿಕ್ಕರೆ ಓಣಿಯ ಜನ ಅದನ್ನು ಯಾಕೆ ಕಾಯಬೇಕು? ನಡಿಗೆ ಪ್ರವಾಸದ ಬೆಲೆ ಇರೋದು ಇಲ್ಲೇ. ಬಸ್ಸಿನವರು ಎರಡು ಗೇಟಿನಲ್ಲಿ ಟಿಕೆಟ್ ಕೊಂಡು ಹೋಗ್ತಾರೆ. ನಡೆಯುವವರು ಓಣಿಯಲ್ಲಿ ಚಹಾ ಕುಡೀತಾರೆ, ಮಿರ್ಚಿ-ಭಜಿ ತಿಂತಾರೆ, ದಾರಿ ಕೇಳ್ತಾರೆ, ಓಣಿಯ ಹುಡುಗನೇ ಗೈಡ್ ಆಗ್ತಾನೆ.

ದಕ್ಖನ್ ಸುಲ್ತಾನರ ಸ್ಮಾರಕಗಳು, ಅವುಗಳಲ್ಲಿ ವಿಜಯಪುರದವೂ, 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಅಂತಿಮ ಪಟ್ಟಿ ಬಂದಾಗ ಬರಲಿ. ನಿಮ್ಮ ಶಾಲೆಯ ಪ್ರವಾಸ ಈ ಸಲ ವಿಜಯಪುರಕ್ಕೇ ಇರಲಿ, ಗೋಳಗುಮ್ಮಟದಿಂದಲ್ಲ, ತೊರವಿಯಿಂದ ಶುರುವಾಗಲಿ. ಮಕ್ಕಳಿಗೆ ಒಂದೇ ಪ್ರಶ್ನೆ ಕೊಡಿ: ಈ ಊರಿನ ಜನ ನೀರು ಎಲ್ಲಿಂದ ಕುಡಿದರು? ಉತ್ತರ ಹುಡುಕುತ್ತಾ ಅವರೇ ಊರು ಸುತ್ತಿಬಿಡ್ತಾರೆ.