ಲಾರಿ, ಯಾಸ್ಮೀನ್

1941– . ಪಾಕಿಸ್ತಾನದ ಮೊದಲ ಮಹಿಳಾ ವಾಸ್ತುಶಿಲ್ಪಿ. ಬಡವರ ವಸತಿಯನ್ನು, ಅದರಲ್ಲೂ ದಿನದ ಹೆಚ್ಚು ಹೊತ್ತನ್ನು ಮನೆಯಲ್ಲೇ ಕಳೆಯುವ ಹೆಂಗಸರ ಅನುಕೂಲವನ್ನು ಮುಂದಿಟ್ಟುಕೊಂಡು ಕಟ್ಟಿದವರು.

ಹುಟ್ಟಿದ್ದು ಪಂಜಾಬ್ ಪ್ರಾಂತ್ಯದ ಡೇರಾ ಘಾಜಿ ಖಾನ್‌ನಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದು 1964ರಲ್ಲಿ ಕರಾಚಿಯಲ್ಲಿ ಸ್ವಂತ ಕಚೇರಿ ತೆರೆದರು. ಕಟ್ಟಡದ ಜಾಗದಲ್ಲಿ ಹೆಣ್ಣೊಬ್ಬಳ ಮಾತು ಕೇಳಲು ಕೆಲಸಗಾರರು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಆದರೆ ಹೆಣ್ಣಾಗಿದ್ದುದರಿಂದಲೇ ಮುಂದೆ ಅವರಿಗೆ ಒಂದು ಅನುಕೂಲವೂ ಆಯಿತು: ಹಳ್ಳಿಯ ಮನೆಗಳಲ್ಲಿ ಪರಗಂಡಸರಿಗೆ ಪ್ರವೇಶವಿಲ್ಲದ ಒಳಕೋಣೆ, ಅಂಗಳಗಳಲ್ಲಿ ಕುಳಿತು ಅಲ್ಲಿಯವರ ಮಾತು ಕೇಳುವುದು ಅವರಿಗೆ ಸಾಧ್ಯವಿತ್ತು.

1970ರ ದಶಕದಲ್ಲಿ ಲಾಹೋರಿನಲ್ಲಿ ಕಟ್ಟಿದ ಅಂಗೂರಿ ಬಾಗ್ ವಸತಿ ಈ ಕೇಳುವ ಗುಣದ ಮೊದಲ ದೊಡ್ಡ ಫಲ. ಅಲ್ಲಿಗೆ ಬರಲಿದ್ದ ಹೆಂಗಸರು ಕೇಳಿದ್ದು ಕೋಳಿಗಳನ್ನು ಎಲ್ಲಿ ಸಾಕುವುದು ಎಂದು. ಅದಕ್ಕೆ ಉತ್ತರವಾಗಿ ತೆರೆದ ತಾರಸಿಗಳು ಬಂದವು: ಕೋಳಿ ಸಾಕಲು, ತರಕಾರಿ ಬೆಳೆಯಲು, ಮಕ್ಕಳು ಕಣ್ಣೆದುರೇ ಆಡಲು. ಗಿಲಾವು ಕಾಣದ ಇಟ್ಟಿಗೆ ಗೋಡೆ, ಇಕ್ಕಟ್ಟಾದ ಓಣಿಗಳು ಹಳೆಯ ಲಾಹೋರಿನಿಂದ ಕಲಿತವು.

ಇದೇ ಲಾರಿಯವರು 1980ರ ದಶಕದಲ್ಲಿ ಕರಾಚಿಯಲ್ಲಿ ತಾಜ್ ಮಹಲ್ ಹೋಟೆಲು, ಫೈನಾನ್ಸ್ ಅಂಡ್ ಟ್ರೇಡ್ ಸೆಂಟರ್‌ಗಳಂಥ ಕಾಂಕ್ರೀಟಿನ ಭಾರಿ ಕಟ್ಟಡಗಳನ್ನೂ ಕಟ್ಟಿದರೆಂಬುದನ್ನು ಅವರನ್ನು ಹೊಗಳುವವರು ಮರೆಯುವುದುಂಟು. 2000ದಲ್ಲಿ ವೃತ್ತಿಯಿಂದ ನಿವೃತ್ತರಾದರು. ಉತ್ತರ ಪಾಕಿಸ್ತಾನದ 2005ರ ಭೂಕಂಪ ಅವರನ್ನು ಮತ್ತೆ ಕೆಲಸಕ್ಕೆ ಎಳೆಯಿತು. ಬಿದ್ದ ಮನೆಗಳ ಕಲ್ಲು, ಮರವನ್ನೇ ಆಯ್ದು, ಮಣ್ಣು ಮತ್ತು ಸುಣ್ಣ ಸೇರಿಸಿ ಊರವರ ಕೈಯಿಂದಲೇ ಮನೆ ಕಟ್ಟಿಸಿದರು. ಸಿಂಧ್‌ನ ಪ್ರವಾಹಗಳ ನಂತರ ಬಿದಿರಿನ ಚೌಕಟ್ಟುಗಳನ್ನು ಜೋಡಿಸಿ ಮಣ್ಣು–ಸುಣ್ಣ ಮೆತ್ತುವ ಎಂಟು ಮೂಲೆಯ ಪುಟ್ಟ ಮನೆ ರೂಪಿಸಿದರು. 2022ರ ಪ್ರವಾಹದ ಬಳಿಕ ಇಂಥ ಹತ್ತು ಲಕ್ಷ ಮನೆಗಳ ಗುರಿ ಇಟ್ಟುಕೊಂಡರು.

ಅವರ ಕೆಲಸಗಳಲ್ಲಿ ಅತಿ ಚಿಕ್ಕದಾದ ಒಲೆಯೇ ಬಹುಶಃ ಅತಿ ಮುಖ್ಯವಾದುದು. ನೆಲದ ಮೇಲಿನ ಬಯಲು ಒಲೆಯಲ್ಲಿ ಹೊಗೆ ನೇರ ಮುಖಕ್ಕೆ ಬಡಿಯುತ್ತಿತ್ತು. ಮಕ್ಕಳು ಬೆಂಕಿಗೆ ಬೀಳುತ್ತಿದ್ದರು. ನೆರೆ ಬಂದರೆ ಒಲೆಯೇ ಕೊಚ್ಚಿಹೋಗುತ್ತಿತ್ತು. ಲಾರಿ ಅದನ್ನು ಮಣ್ಣಿನ ಕಟ್ಟೆಯ ಮೇಲಕ್ಕೆ ಏರಿಸಿ, ಹೊಗೆಕೊಳವೆ ಇಟ್ಟು, ಸುಣ್ಣ ಬೆರೆಸಿದ ಮಣ್ಣಿನಿಂದ ಮೆತ್ತಿಸಿದರು. ಕಡಿಮೆ ಸೌದೆ ಸಾಕಾಯಿತು. ಅಡುಗೆ ಮಾಡುವವಳು ಈಗ ಕಟ್ಟೆಯ ಮೇಲೆ ಕೂರುತ್ತಾಳೆ. ಕೆಲಸ ಕಲಿತ ಹಳ್ಳಿಯ ಹೆಂಗಸರು ಅಕ್ಕಪಕ್ಕದ ಊರುಗಳಿಗೆ ಹೋಗಿ ಒಲೆ ಹಾಕುವುದನ್ನು ಕಲಿಸಿ ಒಂದಿಷ್ಟು ಸಂಪಾದಿಸುತ್ತಾರೆ. ಕಟ್ಟೆಯ ಮೇಲೆ ತಮಗೆ ಬೇಕಾದ ಚಿತ್ತಾರ ಬಿಡಿಸಿಕೊಳ್ಳುತ್ತಾರೆ. ಈ ಒಲೆಗೆ 2018ರಲ್ಲಿ ವಿಶ್ವ ವಸತಿ ಪ್ರಶಸ್ತಿ ಸಂದಿತು.

1980ರಲ್ಲಿ ಗಂಡ, ಇತಿಹಾಸಕಾರ ಸುಹೇಲ್ ಜಹೀರ್ ಲಾರಿಯವರೊಂದಿಗೆ ಹೆರಿಟೇಜ್ ಫೌಂಡೇಶನ್ ಆಫ್ ಪಾಕಿಸ್ತಾನ್ ಸ್ಥಾಪಿಸಿದರು. ಜೇನ್ ಡ್ರೂ ಪ್ರಶಸ್ತಿ (2020), ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯ ಚಿನ್ನದ ಪದಕ (2023) ಪಡೆದರು. 2025ರಲ್ಲಿ ಇಸ್ರೇಲಿನ ವುಲ್ಫ್ ಪ್ರಶಸ್ತಿಯನ್ನು ಗಾಜಾದ ಯುದ್ಧದ ಕಾರಣಕ್ಕೆ ನಿರಾಕರಿಸಿದರು.