ಶ್ರುತಿ: ಕೇಳಿದ್ದು, ಕೂಡಿದ್ದು

ಶ್ರುತಿ (ನಾಮಪದ)

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಕ್ಷಗಾನದವರಲ್ಲಿ ‘ಭಾಗವತರ ಶ್ರುತಿ ಎಷ್ಟು?’ ಎಂದು ಕೇಳಿದರೆ ‘ಕಪ್ಪು ಎರಡು’ ಎಂದೋ ‘ಬಿಳಿ ನಾಲ್ಕು’ ಎಂದೋ ಉತ್ತರ ಬರುತ್ತದೆ. ಅದು ಹಾರ್ಮೋನಿಯಂ ಮನೆಗಳ ಲೆಕ್ಕ.

ಸಂಸ್ಕೃತದ ‘ಶ್ರು’, ಅಂದರೆ ಕೇಳು, ಈ ಪದದ ಮೂಲ. ಶ್ರವಣ, ಶ್ರೋತೃ, ವಿಶ್ರುತ ಇದರ ಬಳಗ. ಕೇಳಿದ್ದು ಎಂಬ ಅರ್ಥದಿಂದ ವೇದಕ್ಕೆ ಈ ಹೆಸರಾಯಿತು; ನಾಟ್ಯಶಾಸ್ತ್ರದಲ್ಲಿ ಸಪ್ತಕದ 22 ಸೂಕ್ಷ್ಮ ಅಂತರಗಳಿಗೂ ಇದೇ ಹೆಸರು. ಇಂದು ಹಾಡಿನ ಆಧಾರ ಷಡ್ಜವೇ ಶ್ರುತಿ. ತಮಿಳಿನಲ್ಲಿ ‘ಸುರುದಿ’.

ಮೈಕಿನವರಿಗೆ ‘ಶ್ರುತಿ ಕಡಿಮೆ ಮಾಡಿ’ ಎನ್ನುವವರಿದ್ದಾರೆ. ಅವರಿಗೆ ಬೇಕಾದದ್ದು ಸದ್ದು ತಗ್ಗುವುದು.

ಶ್ರುತಿಯನ್ನು ನಾದದ ಬಣ್ಣದೊಡನೆ ಕಲಸುವುದೂ ಉಂಟು. ಒಂದೇ ಶ್ರುತಿಗೆ ಕೂಡಿಸಿದ ಮದ್ದಳೆಯೂ ಹಾರ್ಮೋನಿಯಮ್ಮೂ ಬೇರೆಯಾಗಿ ಕೇಳುವುದಕ್ಕೆ ಮೂಲಸ್ವರದ ಜೊತೆ ಮೊಳಗುವ ಉಪಸ್ವರಗಳ ಬಲಾಬಲ ಮುಖ್ಯ ಕಾರಣ. ಬರಿಯ ಚರ್ಮದಲ್ಲಿ ಆ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಸ್ವರ ಮಸುಕಾಗುತ್ತದೆ. ನಡುವಿನ ಕಪ್ಪು ಕರಣೆಯ ಭಾರ ಅವುಗಳನ್ನು ಮೂಲದ ಎರಡು, ಮೂರು, ನಾಲ್ಕು ಪಟ್ಟಿನ ಸಾಲಿಗೆ ತರುತ್ತದೆ; ಆಗ ಕಿವಿ ಒಂದೇ ಸ್ವರವನ್ನು ಹಿಡಿಯುತ್ತದೆ. ಮೃದಂಗ, ತಬಲಾಗಳಲ್ಲಿ ಇದನ್ನು ಸಿ.ವಿ. ರಾಮನ್ 1920ರಲ್ಲಿ ತೋರಿಸಿಕೊಟ್ಟರು. ‘ಮದ್ದಳೆ ಶ್ರುತಿಗೆ ಕೂಡಿತು’ ಎಂಬ ಮಾತು ಅಕ್ಷರಶಃ ಸರಿ. ಮೈಕಿಗೆ ‘ಸದ್ದು’ ಎಂಬ ಪದವೇ ಸಾಕು.