ಹೆಬ್ಬೆಟ್ಟು: ರುಜುವೋ, ಬೀಗದ ಕೈಯೋ?

ಅಕ್ಷರ ಬಾರದವರನ್ನು ‘ಹೆಬ್ಬೆಟ್ಟು’ ಎಂದು ಆಡಿಕೊಳ್ಳುವ ರೂಢಿ ನಮ್ಮಲ್ಲಿತ್ತು. ಸಾಲಪತ್ರಕ್ಕೆ ಸಹಿ ಹಾಕಲಾರದವರು ಹೆಬ್ಬೆರಳಿಗೆ ಮಸಿ ಬಳಿದು ಒತ್ತುತ್ತಿದ್ದರು. ಈಗ ಕಾಲ ಬದಲಾಗಿದೆ. ಪಡಿತರ ಪಡೆಯಲು, ಖಾತೆಯಿಂದ ಹಣ ತೆಗೆಯಲು, ನಿವೇಶನ ನೋಂದಾಯಿಸಲು ಪದವೀಧರರೂ ಹೆಬ್ಬೆಟ್ಟು ಒತ್ತಬೇಕಾಗಿದೆ.

ಈ ಅನುಕೂಲದ ಬೆನ್ನಿಗೇ ಎರಡು ತೊಂದರೆಗಳೂ ಬಂದಿವೆ. ಯಂತ್ರವು ತಮ್ಮದೇ ಬೆರಳನ್ನು ಗುರುತಿಸದ ಕಾರಣ ಬರಿಗೈಯಲ್ಲಿ ಮರಳುವವರು ಒಂದೆಡೆಯಾದರೆ, ತಾವು ಬೆರಳಿಡದೆಯೇ ಖಾತೆಯ ಹಣ ಕಳೆದುಕೊಂಡವರು ಇನ್ನೊಂದೆಡೆ. ದೇಹದ ಗುರುತನ್ನು ಗುಪ್ತಸಂಖ್ಯೆಯಂತೆ ಬಳಸುತ್ತಿರುವುದೇ ಎರಡಕ್ಕೂ ಮೂಲ. ಬೆರಳು ಸವೆಯುತ್ತದೆ, ಮುಟ್ಟಿದಲ್ಲೆಲ್ಲ ಅಚ್ಚು ಬಿಡುತ್ತದೆ. ಗುಪ್ತಸಂಖ್ಯೆ ಕಳುವಾದರೆ ಬದಲಿಸಿಕೊಳ್ಳಬಹುದು, ಬೆರಳನ್ನು ಬದಲಿಸಲಾಗದು.

ಒಂದೇ ಬೆರಳು, ಎರಡು ಕೆಲಸ

ಸ್ಥಿರಾಸ್ತಿಯ ಕ್ರಯಪತ್ರದಲ್ಲಿ ಮಾರುವವರ ಹಾಗೂ ಕೊಳ್ಳುವವರ ಭಾವಚಿತ್ರ ಮತ್ತು ಬೆರಳಚ್ಚು ಇರಬೇಕೆಂದು 1908ರ ನೋಂದಣಿ ಕಾಯ್ದೆಯ 32ಎ ಕಲಂ ಹೇಳುತ್ತದೆ. ಅದೇ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ದಾಖಲೆಗಳ ಪುಸ್ತಕವನ್ನು ಅರ್ಜಿ ಹಾಕಿದ ಯಾರು ಬೇಕಾದರೂ ಪರಿಶೀಲಿಸಿ ನಕಲು ಪಡೆಯಬಹುದು. ಒಂದೇ ಜಮೀನನ್ನು ಇಬ್ಬರಿಗೆ ಮಾರುವಂಥ ಮೋಸ ನಡೆಯದಿರಲಿ ಎಂಬುದು ಇದರ ಆಶಯ. ಇಲ್ಲಿ ಹೆಬ್ಬೆಟ್ಟು ಎಂದರೆ ರುಜು. ನಾಲ್ಕು ಜನ ನೋಡಲೆಂದೇ ಹಾಕಿದ್ದು.

2016ರ ಆಧಾರ್ ಕಾಯ್ದೆಯ 29ನೇ ಕಲಂ ಇದಕ್ಕೆ ತದ್ವಿರುದ್ಧ. ಆಧಾರ್‌ಗಾಗಿ ಸಂಗ್ರಹಿಸಿದ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ವಿವರವನ್ನು ಯಾವ ಕಾರಣಕ್ಕೂ ಯಾರೊಂದಿಗೂ ಹಂಚಿಕೊಳ್ಳುವಂತಿಲ್ಲ. ಇಲ್ಲಿ ಹೆಬ್ಬೆಟ್ಟು ಎಂದರೆ ಬೀಗದ ಕೈ, ಬಚ್ಚಿಡಬೇಕಾದದ್ದು. ಆದರೆ ಎರಡೂ ಕಡೆ ಒತ್ತುವುದು ಅದೇ ಬೆರಳನ್ನು.

ಹಣ ಹೋಗುವುದು ಹೇಗೆ?

ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಮೂಲಕ ಹಣ ತೆಗೆಯಲು ರಾಷ್ಟ್ರೀಯ ಪಾವತಿ ನಿಗಮ ನಡೆಸುವ ವ್ಯವಸ್ಥೆಯೇ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಸಂಕ್ಷಿಪ್ತವಾಗಿ ಎಇಪಿಎಸ್. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಮೊಬೈಲಿಗೆ ಒಟಿಪಿಯೂ ಬರುವುದಿಲ್ಲ. ಪಿಂಚಣಿ ಪಡೆಯುವ ವೃದ್ಧರಿಗೆ, ಉದ್ಯೋಗ ಖಾತ್ರಿ ಕೂಲಿಕಾರರಿಗೆ ಇದು ವರದಾನವಾದದ್ದು ನಿಜ. ಕ್ರಯಪತ್ರದ ಪ್ರತಿಯಿಂದ ಬೆರಳಚ್ಚು ತೆಗೆದು ಕೃತಕ ಬೆರಳು ತಯಾರಿಸಬಲ್ಲವನಿಗೂ ಇದೇ ಸುಲಭದ ದಾರಿಯಾಯಿತು.

ಇದರ ಮುನ್ಸೂಚನೆ ನೆರೆರಾಜ್ಯದಲ್ಲೇ ಸಿಕ್ಕಿತ್ತು. ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಸಿಮ್ ಮಾರಾಟಗಾರನೊಬ್ಬ ನೋಂದಣಿ ಇಲಾಖೆಯ ಜಾಲತಾಣದಿಂದ ಭೂದಾಖಲೆಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಬೆರಳಚ್ಚುಗಳ ನಕಲು ತಯಾರಿಸಿ ಅನ್ಯರ ಹೆಸರಿನಲ್ಲಿ ಸಿಮ್‌ಗಳನ್ನು ಚಾಲನೆಗೊಳಿಸಿದ್ದು 2018ರ ಜೂನ್‌ನಲ್ಲಿ ಬಯಲಾಯಿತು. ಐದು ವರ್ಷಗಳ ಬಳಿಕ, 2023ರಲ್ಲಿ, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಎಇಪಿಎಸ್ ಮೂಲಕ ಹಣ ಮಾಯವಾದಾಗ ರಾಜ್ಯ ಎಚ್ಚೆತ್ತಿತು. ‘ಕಾವೇರಿ’ ತಂತ್ರಾಂಶದಲ್ಲಿ ಸಿಗುವ ದಾಖಲೆಗಳ ಬೆರಳಚ್ಚನ್ನು ಮರೆಮಾಡುವ ಕ್ರಮವನ್ನು ಕೈಗೊಳ್ಳಲಾಯಿತು. ಅಷ್ಟರಲ್ಲಾಗಲೇ ಯಾರ್‍ಯಾರದೋ ಕೈ ಸೇರಿದ ಪ್ರತಿಗಳನ್ನು ಹಿಂದಕ್ಕೆ ಪಡೆಯುವ ಉಪಾಯ ಮಾತ್ರ ಯಾವ ಇಲಾಖೆಯ ಬಳಿಯೂ ಇಲ್ಲ.

ವಿಶಿಷ್ಟ ಗುರುತಿನ ಪ್ರಾಧಿಕಾರವು ಯಂತ್ರದ ಮೇಲಿರುವುದು ಜೀವಂತ ಬೆರಳೋ, ನಕಲಿಯೋ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಎಇಪಿಎಸ್ ಯಂತ್ರ ನಿರ್ವಹಿಸುವವರ ಪೂರ್ವಾಪರವನ್ನು ಬ್ಯಾಂಕುಗಳು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿರ್ದೇಶನ ಹೊರಡಿಸಿತು. ಇದು 2026ರ ಜನವರಿ 1ರಿಂದ ಜಾರಿಗೆ ಬಂದಿದೆ.

ಸವೆದ ಬೆರಳಿನ ಸೀಮೆ

ಬೆಂಗಳೂರಿನ ಚಿಂತೆ ಕಳುವಾಗುವ ಬೆರಳಿನದಾದರೆ, ಕಲಬುರಗಿ ಜಿಲ್ಲೆಯ ಚಿಂತೆ ಸವೆಯುವ ಬೆರಳಿನದು. ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನೊಳಗೊಂಡ ಈ ಭಾಗ ಸುಣ್ಣದ ಕಲ್ಲಿನ ಸೀಮೆ. ಶಹಾಬಾದ್ ಕಲ್ಲು ನಾಡಿನ ಮನೆಗಳ ನೆಲಕ್ಕೆ ಹಾಸಾಗಿದೆ; ವಾಡಿ ಮತ್ತು ಸೇಡಂ ಪರಿಸರದ ಸಿಮೆಂಟು ದೂರದೂರಿಗೆ ಹೋಗುತ್ತದೆ. ಕಲ್ಲು ಒಡೆಯುವ, ಸಿಮೆಂಟು ಹೊರುವ, ತೊಗರಿ ಕೊಯ್ಯುವ ಕೈಗಳಲ್ಲಿ ಬೆರಳಿನ ಗೆರೆಗಳು ಉಳಿಯುವುದು ಕಷ್ಟ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ತಿನ್ನುತ್ತದೆ. ಒರಟು ಕೆಲಸ ಗೆರೆಗಳನ್ನು ಉಜ್ಜಿಹಾಕುತ್ತದೆ. ವಯಸ್ಸಾದಂತೆ ಚರ್ಮವೂ ತೆಳುವಾಗುತ್ತದೆ. ಹೀಗಾಗಿ ಯಾರಿಗೆ ಪಡಿತರದ ಅಗತ್ಯ ಹೆಚ್ಚೋ ಅವರ ಬೆರಳನ್ನೇ ಯಂತ್ರ ತಿರಸ್ಕರಿಸುವ ಸಂಭವ ಹೆಚ್ಚು.

ಈ ವಿಷಯದಲ್ಲಿ ಸರ್ಕಾರದ ಸೂಚನೆ ಸ್ಪಷ್ಟವಾಗಿದೆ. ಬೆರಳಚ್ಚು ಹೊಂದಾಣಿಕೆಯಾಗದ ಅಥವಾ ನೆಟ್‌ವರ್ಕ್ ಇಲ್ಲದ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸುವಂತಿಲ್ಲ ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ತಿಳಿಸಿದೆ. ‘ಯಂತ್ರ ತಗೊಳ್ಳೋದಿಲ್ಲ, ನಾಳೆ ಬಾ’ ಎಂಬುದು ಅಂಗಡಿಯವರ ಮಾತಾದೀತೇ ಹೊರತು ನಿಯಮವಲ್ಲ. ಹಾಗೆ ಮರಳಿ ಕಳುಹಿಸಿದರೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ದೂರು ನೀಡಬಹುದು.

ನಾವು ಮಾಡಬಹುದಾದದ್ದು

ಬೀಗ ಹಾಕುವುದು: ಪ್ರಾಧಿಕಾರದ ‘ಮೈ ಆಧಾರ್’ ಜಾಲತಾಣದಲ್ಲಿ ಇಲ್ಲವೇ ಆಧಾರ್ ಸೇವಾ ಕೇಂದ್ರದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಸಬಹುದು. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಲಾಕ್ ಆದ ಮೇಲೆ ಯಾರೇ ಬೆರಳಚ್ಚು ಬಳಸಿದರೂ ಯಂತ್ರ ‘330’ ಎಂಬ ದೋಷಸಂಖ್ಯೆ ತೋರಿಸಿ ನಿರಾಕರಿಸುತ್ತದೆ. ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ಆದರೆ ಬೆರಳಿಟ್ಟೇ ಪಡಿತರ, ಪಿಂಚಣಿ ಪಡೆಯುವವರು ಪ್ರತಿಸಲವೂ ಅದನ್ನು ತೆರೆಯಬೇಕಾಗುತ್ತದೆ. ಸ್ವಂತ ಮೊಬೈಲ್ ಇಲ್ಲದವರಿಗೆ ಇದು ಉಪಯೋಗಕ್ಕಿಂತ ಉಪದ್ರವವೇ ಆದೀತು.

ಮುಚ್ಚಿದ ಪ್ರತಿ ಕೊಡುವುದು: ಕೊನೆಯ 4 ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿಯನ್ನು ಪ್ರಾಧಿಕಾರವೇ ಒದಗಿಸುತ್ತದೆ. ಆಧಾರ್ ಸಂಖ್ಯೆಯ ಬದಲಿಗೆ 16 ಅಂಕಿಗಳ ವರ್ಚುವಲ್ ಐಡಿಯನ್ನೂ ಬಳಸಬಹುದು. ಬೆರಳಚ್ಚು ಮತ್ತು ಪೂರ್ಣ ಸಂಖ್ಯೆ ಒಂದೇ ಕಡೆ ಸಿಗದಂತೆ ನೋಡಿಕೊಳ್ಳುವುದು ಮುಖ್ಯ.

ರಸೀದಿ ಕೇಳುವುದು: ‘ಸರ್ವರ್ ಡೌನ್, ಇನ್ನೊಮ್ಮೆ ಒತ್ತಿ’ ಎಂದು ಹೇಳಿದಾಗ, ವಿಫಲವಾದ ವ್ಯವಹಾರಕ್ಕೂ ಚೀಟಿ ಪಡೆಯಬೇಕು. ಎರಡು ಸಲ ಬೆರಳಿಟ್ಟವರ ಖಾತೆಯಲ್ಲಿ ಎರಡು ಸಲ ಹಣ ಕಡಿತವಾಗಿದೆಯೇ ಎಂಬುದನ್ನು ಪಾಸ್‌ಪುಸ್ತಕದಲ್ಲಿ ನೋಡಬಹುದು.

ತಡಮಾಡದೆ ದೂರುವುದು: ಹಣ ಹೋದೊಡನೆ ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ಲಿಖಿತ ದೂರು ಕೊಡಬೇಕು. ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ನಡೆದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳಬಾರದು ಎಂಬ ತತ್ತ್ವವನ್ನು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಮುಂದಿಟ್ಟಿತು. ಆಧಾರ್ ಕುರಿತ ಅಹವಾಲುಗಳಿಗೆ 1947 ಸಂಖ್ಯೆ ಇದೆ.

ಕನ್ನಡಿಗರೊಬ್ಬರ ಅರ್ಜಿ

ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲೇ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಅನ್ನು ಬಹುಮತದಿಂದ ಎತ್ತಿಹಿಡಿದರೂ ಅದರ ಬಳಕೆಗೆ ಮಿತಿಗಳನ್ನು ಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, ತಮ್ಮ 98ನೇ ವಯಸ್ಸಿನಲ್ಲಿ ನಿಧನರಾದರು. ವೈಯಕ್ತಿಕ ದತ್ತಾಂಶ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿತು; 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ದತ್ತಾಂಶ ಇಟ್ಟುಕೊಂಡವರ ಮುಖ್ಯ ಹೊಣೆಗಳು ಜಾರಿಯಾಗಲು ನಿಯಮಗಳು ಪ್ರಕಟವಾದಂದಿನಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಕಾನೂನು ಬಂದರೂ ಮೂಲ ಪ್ರಶ್ನೆ ಉಳಿಯುತ್ತದೆ. ಎಲ್ಲರೂ ನೋಡಬಹುದಾದ ರುಜುವನ್ನೇ ತಿಜೋರಿಯ ಕೀಲಿಯನ್ನಾಗಿ ಮಾಡಿಕೊಂಡರೆ ಆ ತಿಜೋರಿಗೆ ಕಾವಲಿಲ್ಲ. ಬೆರಳಚ್ಚಿನ ಜತೆಗೆ ಇನ್ನೊಂದು ಪುರಾವೆಯನ್ನು ಕೇಳುವುದು, ಬೆರಳು ಸೋತಾಗ ಮತ್ತೊಂದು ದಾರಿ ಕೊಡುವುದು, ಇವೆರಡೂ ವ್ಯವಸ್ಥೆಯ ಹೊಣೆ. ಕಲ್ಲು ಒಡೆದು ಸವೆದ ಬೆರಳಿಗೂ ಕ್ರಯಪತ್ರದಲ್ಲಿ ಅಚ್ಚಾದ ಬೆರಳಿಗೂ ಬೇಕಾಗಿರುವುದು ಇದೇ.